ಫುಟ್‌ಬಾಲ್‌ನಲ್ಲಿ ಬಾಂಗ್ಲಾದೇಶದ ಕೈಯಲ್ಲೂ ಸೋತೆವಲ್ಲ, ಇನ್ನು ಯಾರನ್ನು ಗೆಲ್ಲೋದು?

ವೆಸ್ಟ್‌ಬ್ಲಾಕ್_ಮೂಲೆ:
ಢಾಕಾದಲ್ಲಿ 1-0. 22 ವರ್ಷದ ಮೇಲೆ ಬಾಂಗ್ಲಾದೇಶದ ಎದುರು ಸೋಲು. ಅದಕ್ಕೂ ಮೊದಲೇ, 2025ರ ಅಕ್ಟೋಬರ್‌ನಲ್ಲಿ, ಮಡಗಾಂವ್‌ನಲ್ಲಿ ಚಾಂಗ್ಟೆ ಗೋಲಿನಿಂದ ಮುಂದಿದ್ದವರು ಸಿಂಗಪುರಕ್ಕೆ 2-1ರಲ್ಲಿ ಸೋತು 2027ರ ಏಷ್ಯನ್ ಕಪ್ ಆಸೆಯನ್ನೇ ಮುಗಿಸಿಕೊಂಡಿದ್ದರು. ಅರ್ಹತಾ ಸುತ್ತಿನ ನಮ್ಮ ಗುಂಪಿನಲ್ಲಿ ಇದ್ದವರಾದರೂ ಯಾರು? ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಜಪಾನ್ ಅಲ್ಲ, ಇರಾನ್ ಅಲ್ಲ.

2023ರ ಜುಲೈನಲ್ಲಿ ನಮ್ಮ ಕಂಠೀರವದಲ್ಲೇ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯಾ ಫುಟ್‌ಬಾಲ್‌ನ ಸ್ಯಾಫ್ ಕಪ್ ಎತ್ತಿದ್ದರು. ಆ ತಿಂಗಳು ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನ. ಆರು ತಿಂಗಳು ಕಳೆಯುವಷ್ಟರಲ್ಲಿ ಕತಾರ್‌ನ ಏಷ್ಯನ್ ಕಪ್: ಮೂರು ಪಂದ್ಯ, ಮೂರೂ ಸೋಲು, ಒಂದೂ ಗೋಲಿಲ್ಲ. ಕೋಚ್ ಸ್ಟಿಮಾಚ್ ಹೋದರು, ಮಾರ್ಕೆಜ್ ಬಂದರು, ಅವರೂ ಹೋದರು, ಈಗ ಖಾಲಿದ್ ಜಮೀಲ್. ತಪ್ಪು ಎಲ್ಲಿದೆ ಹೇಳಿ. ಸುಮ್ನೆ ಕ್ರಿಕೆಟ್ ಮೇಲೆ ಹಾಕಬೇಡಿ, ಕೇಳಿ ಕೇಳಿ ಸಾಕಾಗಿದೆ.

ಒಂಬತ್ತನೇ_ಜರ್ಸಿ:
ಗೋಲು ಹೊಡೆಯೋರು ಇಲ್ಲ, ಅಷ್ಟೇ. 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ನಾಯಕ ಸುನಿಲ್ ಚೆಟ್ರಿಗೆ ಕಣ್ಣೀರಿನ ಬೀಳ್ಕೊಡುಗೆ ಕೊಟ್ಟು, ಒಂಬತ್ತು ತಿಂಗಳಿಗೆ ಮತ್ತೆ ಕರೆದುಕೊಂಡು ಬಂದರು. ಆಗ ಅವರಿಗೆ 40 ವರ್ಷ! ಬೇರೆ ಯಾರಿದ್ದರು ಹೇಳಿ? ನಮ್ಮ ದೇಶದ ಲೀಗ್ ಐಎಸ್‌ಎಲ್‌ನ ಕ್ಲಬ್‌ಗಳು ಗೋಲು ಹೊಡೆಯೋ ಸೆಂಟರ್ ಫಾರ್ವರ್ಡ್ ಜಾಗಕ್ಕೆ ವಿದೇಶಿಯರನ್ನೇ ಹುಡುಕುತ್ತವೆ, ನಮ್ಮ ಹುಡುಗರು ಒಂದೋ ವಿಂಗ್‌ಗೆ ಹೋಗಬೇಕು, ಇಲ್ಲ ಬೆಂಚ್ ಮೇಲೆ ಕೂರಬೇಕು. ಕ್ಲಬ್‌ನಲ್ಲಿ ಆಡದ ಜಾಗದಲ್ಲಿ ದೇಶಕ್ಕೆ ಆಡು ಅಂದರೆ ಹೇಗೆ? ನಾವೂ ಸಾಚಾಗಳಲ್ಲ ಬಿಡಿ, ನಮ್ಮ ಬೆಂಗಳೂರು ಎಫ್‌ಸಿಗೆ ವಿದೇಶಿ ಆಟಗಾರ ಮಿಕು ಗೋಲು ಹೊಡೆದಾಗ ಕುಣಿದವರು ನಾವೇ ಅಲ್ವಾ. ಇನ್ನು ಢಾಕಾ ಪಂದ್ಯದ ಹೊತ್ತಿಗೆ ಐಎಸ್‌ಎಲ್ ಶುರುವೇ ಆಗಿರಲಿಲ್ಲ. ಲೀಗ್ ನಡೆಸೋ ಒಪ್ಪಂದದ ಗೊಂದಲದಲ್ಲಿ ಲೀಗ್ ನಿಂತುಹೋಗಿತ್ತು.

ಆಫ್‌ಸೈಡ್_ಅಣ್ಣ:
ಬಾಂಗ್ಲಾ ಕಡೆ ಹಮ್ಜಾ ಚೌಧರಿ ಆಡಿದ್ದು ನೋಡಲಿಲ್ವಾ? ಇಂಗ್ಲೆಂಡಿನ ಲೆಸ್ಟರ್ ಕ್ಲಬ್‌ನಲ್ಲಿ ಪ್ರೀಮಿಯರ್ ಲೀಗ್ ಆಡಿದವನು. ಅವರ ದೇಶ ಎರಡು ಪೌರತ್ವ ಒಪ್ಪುತ್ತದೆ, ನಮ್ಮದು ಒಪ್ಪಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನೇ ಬಿಟ್ಟು ನಮ್ಮದು ತಗೊಂಡರು. ಆದರೂ ಕಾಗದಪತ್ರ ಸಮಯಕ್ಕೆ ಬರದೆ ಢಾಕಾದಲ್ಲಿ ಆಡಲಾಗಲಿಲ್ಲ. ಇಂಥವರು ನಾಲ್ಕೈದು ಜನ ಸಿಕ್ಕರೆ ಈ ಗುಂಪು ದಾಟೋದು ದೊಡ್ಡ ವಿಷಯವೇ ಅಲ್ಲ.

ಗೌತಮಪುರ_ಹಳಬ:
ಪಾಸ್‌ಪೋರ್ಟ್ ಬದಲಿಸಿ ತಂಡ ಕಟ್ಟೋದಾ? 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರಲ್ಲಿ ಬೆಂಗಳೂರಿನ ಅರುಮೈನಾಯಗಂ. ಬಡಾವಣೆ ಮೈದಾನಗಳಲ್ಲಿ ಬೆಳೆದ ಆಟ ಅದು. ಎಚ್‌ಎಎಲ್, ಐಟಿಐ ತಂಡಗಳು ಆಟಗಾರರಿಗೆ ಕೆಲಸ ಕೊಟ್ಟು ಸಾಕುತ್ತಿದ್ದವು. ಈಗ? 2023ರಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ರಿಯಾದ್‌ನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ಮೂರು ಜನರ ಹೆಸರು ಹೇಳಿ ನೋಡೋಣ. ಗೂಗಲ್ ಮಾಡಬೇಡಿ.

ವೆಸ್ಟ್‌ಬ್ಲಾಕ್_ಮೂಲೆ:
ಹಳಬರೇ, 1962 ಅಂತ ಇನ್ನೆಷ್ಟು ದಿನ ಹೇಳ್ಕೊಂಡು ಕೂರೋದು? ಆಗ ಏಷ್ಯಾದಲ್ಲಿ ಎಷ್ಟು ದೇಶ ಗಂಭೀರವಾಗಿ ಆಡುತ್ತಿದ್ದವು ಅನ್ನೋದನ್ನೂ ನೋಡಬೇಕು. ಸೆಂಟರ್ ಫಾರ್ವರ್ಡ್ ಮಾತು ಮಾತ್ರ ನೂರಕ್ಕೆ ನೂರು ಒಪ್ಪಿದೆ. ಐಎಸ್‌ಎಲ್‌ನಲ್ಲಿ ಮೈದಾನದೊಳಗೆ ನಾಲ್ಕು ವಿದೇಶಿಯರು ಅನ್ನೋದನ್ನು ಎರಡಕ್ಕೆ ಇಳಿಸಲಿ. ಒಂದೆರಡು ವರ್ಷ ಆಟದ ಮಟ್ಟ ಇಳಿದರೆ ಇಳಿಯಲಿ.

ಥ್ರೋಇನ್:
ಎಲ್ಲರೂ ಗಂಡಸರ ತಂಡದ ಬಗ್ಗೆಯೇ ಅಳ್ತಾ ಇದ್ದೀರಿ. 2025ರ ಜುಲೈನಲ್ಲಿ ನಮ್ಮ ಮಹಿಳಾ ತಂಡ ಚಿಯಾಂಗ್ ಮಾಯ್‌ಗೆ ಹೋಗಿ, ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಆವತ್ತು ಇಲ್ಲಿ ಒಬ್ಬರೂ ಒಂದು ಸಾಲು ಬರೆಯಲಿಲ್ಲ.