ಪೋಸ್ಟರಿನಲ್ಲಿ ಬಿಟ್ಟುಹೋದ ಒಂದು ಪದ

ಗುಂಪು: ಎಸ್ಸೆಸ್ಸೆಲ್ಸಿ 1997 ಗೆಳೆಯರು
ಶುಕ್ರವಾರ

ಹನೀಫ್, ರಾತ್ರಿ 8:41
[ಫಾರ್ವರ್ಡ್ ಆದ ಚಿತ್ರ: “ಹೆತ್ತವರೇ ಎಚ್ಚರ! ಏಳು ವರ್ಷ ತುಂಬಿದ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಒಂದೇ ತರಗತಿಯಲ್ಲಿ ಕೂರಿಸುವುದು ಹರಾಮ್ (ನಿಷಿದ್ಧ). ಪ್ರವಾದಿ(ಸ) ಹೇಳಿದರು: ಏಳು ವರ್ಷವಾದಾಗ ಮಕ್ಕಳಿಗೆ ನಮಾಝ್ ಮಾಡಲು ಹೇಳಿ, ಹತ್ತು ವರ್ಷವಾದಾಗ ಅವರನ್ನು ಬೇರ್ಪಡಿಸಿ. ಹತ್ತು ಜನರಿಗೆ ಕಳಿಸಿ.”]
ನಮ್ಮ ಜಮಾಅತ್ ಶಾಲೆಯಲ್ಲಿ ಬರುವ ಜೂನ್‌ನಿಂದ ಮೂರನೇ ಕ್ಲಾಸಿನಿಂದಲೇ ಬೇರೆ ಬೇರೆ ಸೆಕ್ಷನ್ ಮಾಡುವ ಅಂತ ಮಾತಾಗ್ತಾ ಉಂಟು. ಭಾನುವಾರ ಮೀಟಿಂಗ್. ಈ ಗುಂಪಿನ ಸುಮಾರು ಜನರ ಮಕ್ಕಳು ಅಲ್ಲೇ ಓದುವುದಲ್ವಾ, ಅಭಿಪ್ರಾಯ ಹೇಳಿ.

ಬಶೀರ್ ಜುಬೈಲ್, ರಾತ್ರಿ 8:44
ಮಾಶಾ ಅಲ್ಲಾಹ್, ಒಳ್ಳೆ ತೀರ್ಮಾನ. ಇಲ್ಲಿ ಸೌದಿಯಲ್ಲಿ ಸರ್ಕಾರಿ ಶಾಲೆಗಳು ಬೇರೆ ಬೇರೆಯೇ. ಎಂತ ತೊಂದರೆಯೂ ಇಲ್ಲ.

ರಝಿಯಾ, ರಾತ್ರಿ 9:02
ಹನೀಫ್, ಈ ಹದೀಸಿನಲ್ಲಿ, ಅಂದರೆ ಪ್ರವಾದಿ(ಸ)ಯವರ ಮಾತಿನ ವರದಿಯಲ್ಲಿ, ಒಂದು ಪದ ಬಿಟ್ಟುಹೋಗಿದೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಇರುವುದು ಬರೀ “ಬೇರ್ಪಡಿಸಿ” ಅಂತ ಅಲ್ಲ. “ಫಿಲ್ ಮಳಾಜಿಅ್” ಅಂತ ಉಂಟು. ಅಂದರೆ ಹಾಸಿಗೆಗಳಲ್ಲಿ. ಹತ್ತು ವರ್ಷವಾದ ಮಕ್ಕಳನ್ನು ಒಂದೇ ಹೊದಿಕೆಯಡಿ ಮಲಗಿಸಬೇಡಿ ಅಂತ ಅದರ ಮಾತು. ಅಣ್ಣ ತಮ್ಮಂದಿರಿಗೂ ಅದು ಅನ್ವಯಿಸುತ್ತದೆ ಅಂತ ಹೇಳಿದ ವಿದ್ವಾಂಸರಿದ್ದಾರೆ. ಶಾಲೆ, ಬೆಂಚು, ಪಾಠ, ಯಾವುದೂ ಅಲ್ಲಿಲ್ಲ.
ನೀನು ಬೇಕಂತ ಬಿಟ್ಟದ್ದಲ್ಲ ಅಂತ ನನಗೆ ಗೊತ್ತು. ಆದರೆ ಯಾರೋ ಬಿಟ್ಟಿದ್ದಾರೆ. ಪ್ರವಾದಿ(ಸ)ಯವರ ಮಾತಿನಿಂದ ಒಂದು ಪದ ತೆಗೆದು ಅದರ ಮೇಲೆ ಹರಾಮ್ ಅಂತ ಮುದ್ರೆ ಒತ್ತುವುದನ್ನು ನೋಡಿ ಕೈ ನಡುಗಿತು ನನಗೆ.

ಲೀಲಾವತಿ, ರಾತ್ರಿ 9:06
ನಾನು ಈ ಮಾತಲ್ಲಿ ಬರಬಹುದಾ? ಧರ್ಮದ ವಿಷಯ ಅಂತ ಹೆದರಿಕೆ. ಪ್ರೈಮರಿ ಟೀಚರ್ ಆಗಿ ಒಂದು ಮಾತು ಹೇಳುವುದಿತ್ತು.

ಹನೀಫ್, ರಾತ್ರಿ 9:07
ಬಾ ಮಾರಾಯ್ತಿ, ನಿನಗೆ ಯಾರ ಅಪ್ಪಣೆ ಬೇಕು.

ಲೀಲಾವತಿ, ರಾತ್ರಿ 9:11
ಮೂರನೇ ಕ್ಲಾಸಿನ ಮಕ್ಕಳಿಗೆ ಎಂಟು ವರ್ಷ. ಪೆನ್ಸಿಲಿಗೆ ಜಗಳ ಮಾಡ್ತಾರೆ, ಹತ್ತು ನಿಮಿಷದಲ್ಲಿ ರಾಜಿ ಆಗ್ತಾರೆ. ಆರು ಏಳಕ್ಕೆ ಬಂದಾಗ ಬೇರೆ. ಆಗ ಹುಡುಗಿಯರೇ ಬಂದು “ಟೀಚರ್, ನಮಗೆ ಬೇರೆ ಬೆಂಚು” ಅಂತ ಕೇಳ್ತಾರೆ, ನಾನು ಕೊಡ್ತೇನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಅಂತ ಅಷ್ಟೇ.

ಹನೀಫ್, ರಾತ್ರಿ 9:30
ರಝಿಯಾ, ಪದ ಬಿಟ್ಟದ್ದು ತಪ್ಪು, ಒಪ್ಪಿದೆ. ಉಸ್ತಾದರಲ್ಲಿ ಕೇಳ್ತೇನೆ. ಆದರೆ ಒಂದು ಪೋಸ್ಟರ್ ತಪ್ಪಾದರೆ ವಿಷಯವೇ ತಪ್ಪಾಗುವುದಿಲ್ಲ. ಬುಖಾರಿ ಹದೀಸ್ ಸಂಗ್ರಹದಲ್ಲಿ ಉಂಟಲ್ಲ, ಗಂಡಸರೇ ನಿಮ್ಮ ಸಮಯವೆಲ್ಲ ತೆಗೆದುಕೊಳ್ತಾರೆ, ನಮಗೊಂದು ದಿನ ಕೊಡಿ ಅಂತ ಹೆಂಗಸರು ಕೇಳಿದಾಗ ಪ್ರವಾದಿ(ಸ)ಯವರು ಅವರಿಗೇ ಬೇರೆ ದಿನ ಇಟ್ಟುಕೊಟ್ಟರು. ನಮಾಝಿನ ಸಾಲು ಬೇರೆ. ಮಸೀದಿಯ ಒಂದು ಬಾಗಿಲನ್ನು ಹೆಂಗಸರಿಗೆ ಬಿಡುವ ಅಂತ ಹೇಳಿದ್ದೂ ಅವರೇ ಅಂತ ವರದಿ ಉಂಟು. ಮಕ್ಕಳ ವಿಷಯವೇ ಬೇಕಾದರೆ, 9ನೇ ಶತಮಾನದಲ್ಲಿ ಟ್ಯುನೀಷಿಯದ ಕೈರವಾನಿನ ಮಾಲಿಕಿ ಪಂಥದ ಇಮಾಮ್ ಸಹ್ನೂನ್ ಹೇಳಿದ್ದಾರೆ, ಮೇಷ್ಟ್ರು ಹುಡುಗಿಯರನ್ನು ಹುಡುಗರ ಜೊತೆ ಬೆರೆಸಿ ಕಲಿಸುವುದು ನನಗೆ ಇಷ್ಟವಿಲ್ಲ, ಅದರಿಂದ ಅವರು ಕೆಡ್ತಾರೆ ಅಂತ. ಅವರ ಮಗ ಮೇಷ್ಟ್ರುಗಳಿಗೆಂದೇ ಬರೆದ ಗ್ರಂಥದಲ್ಲಿ ಈ ಮಾತು ಉಂಟು. ಇದು ವಾಟ್ಸಾಪ್ ಹುಟ್ಟಿದ ಮೇಲೆ ಬಂದ ಮಾತಲ್ಲ.

ಬಶೀರ್ ಜುಬೈಲ್, ರಾತ್ರಿ 9:32
ಸರಿಯಾಗಿ ಹೇಳಿದೆ.

ರಝಿಯಾ, ರಾತ್ರಿ 10:04
ಸಹ್ನೂನ್‌ರ ಮಾತು ತಂದದ್ದು ಒಳ್ಳೆಯದಾಯಿತು. ಅವರು ಬಳಸಿದ ಪದ “ಅಕ್ರಹು”, ನನಗೆ ಇಷ್ಟವಿಲ್ಲ. ಹರಾಮ್ ಅಂತ ಹೇಳಲಿಲ್ಲ. ಹೆಣ್ಣುಮಕ್ಕಳಿಗೆ ಕಲಿಸಬೇಡಿ ಅಂತಲೂ ಹೇಳಲಿಲ್ಲ. ಇನ್ನೊಂದು, ಯಾರೂ ಮಾಡದ್ದನ್ನು ಯಾರೂ ಬೇಡ ಅನ್ನುವುದಿಲ್ಲ. ಆ ಕಾಲದ ಕುತ್ತಾಬ್‌ಗಳಲ್ಲಿ, ಅಂದರೆ ಮಕ್ಕಳ ಓದಿನ ಶಾಲೆಗಳಲ್ಲಿ, ಹುಡುಗ ಹುಡುಗಿಯರು ಒಟ್ಟಿಗೆ ಕೂತು ಕಲಿಯುತ್ತಿದ್ದರು ಅಂತ ಅದರಿಂದಲೇ ಗೊತ್ತಾಗುತ್ತದೆ.
ಕುರ್‌ಆನಿನಲ್ಲಿ ಗೆರೆ ಎಲ್ಲಿ ಎಳೆದಿದೆ ನೋಡು. ಸೂರಾ ನೂರ್ 31ರಲ್ಲಿ, ಇನ್ನೂ ಅಂಥ ಅರಿವು ಬಾರದ ಸಣ್ಣ ಮಕ್ಕಳೆದುರು ಹೆಂಗಸರು ಮರೆಮಾಡಬೇಕಿಲ್ಲ ಅಂತ ಉಂಟು. 58ರಲ್ಲಿ, ಪ್ರಾಯಪೂರ್ತಿಯಾಗದವರು ಮೂರು ಹೊತ್ತಿನಲ್ಲಿ ಮಾತ್ರ ಅನುಮತಿ ಕೇಳಿ ಒಳಗೆ ಬರಲಿ ಅಂತ. 59ರಲ್ಲಿ, ಪ್ರಾಯಕ್ಕೆ ಬಂದ ಮೇಲೆ ದೊಡ್ಡವರ ಹಾಗೆ ಯಾವಾಗಲೂ ಕೇಳಬೇಕು ಅಂತ. ಮಗುವಿಗೊಂದು ಲೆಕ್ಕ, ದೊಡ್ಡವರಿಗೊಂದು ಲೆಕ್ಕ ಅಂತ ಅಲ್ಲಾಹನೇ ಇಟ್ಟಿದ್ದಾನೆ. ಎಂಟು ವರ್ಷದ ಮಗುವಿನ ಮೇಲೆ ಆ ದೊಡ್ಡ ಲೆಕ್ಕ ಹೊರಿಸಲು ನಾವು ಯಾರು?
ಉಮ್ಮುದ್ದರ್ದಾರ ಕತೆ ಗೊತ್ತುಂಟಾ? ಡಮಾಸ್ಕಸ್‌ನಲ್ಲಿ ಪ್ರವಾದಿ(ಸ)ಯವರ ಸಂಗಾತಿ (ಸಹಾಬಿ) ಅಬುದ್ದರ್ದಾ(ರ)ರ ಆಸರೆಯಲ್ಲಿ ಬೆಳೆದ ಅನಾಥ ಹುಡುಗಿ. ಸಣ್ಣವಳಿರುವಾಗ ಅವರ ಜೊತೆ ಮಸೀದಿಗೆ ಹೋಗಿ ಗಂಡಸರ ಸಾಲಿನಲ್ಲೇ ನಮಾಝ್ ಮಾಡುತ್ತಿದ್ದಳು, ಕುರ್‌ಆನ್ ಓದುವವರ ವೃತ್ತದಲ್ಲಿ ಕೂತು ಕಲಿಯುತ್ತಿದ್ದಳು. ಒಂದು ದಿನ ಅವರು, ಇನ್ನು ನೀನು ಹೆಂಗಸರ ಸಾಲಿಗೆ ಹೋಗು ಅಂದರು. ಅಷ್ಟರವರೆಗೆ ಯಾರೂ ಎಬ್ಬಿಸಲಿಲ್ಲ. ಆ ಹುಡುಗಿ ಮುಂದೆ ಎಷ್ಟು ದೊಡ್ಡ ವಿದ್ವಾಂಸೆಯಾದರು ಅಂದರೆ ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್ ಅವರ ಪಾಠಕ್ಕೆ ಬಂದು ಕೂರುತ್ತಿದ್ದರು.

ಹನೀಫ್, ರಾತ್ರಿ 10:09
ಕೊನೆಗೆ ಹೆಂಗಸರ ಸಾಲಿಗೆ ಕಳಿಸಿದ್ದು ಕಳಿಸಿದ್ದೇ ಅಲ್ವಾ? ಮತ್ತೆ “ಅಕ್ರಹು” ಅಂದರೆ ಬರೀ ಇಷ್ಟವಿಲ್ಲ ಅಂತ ಹಗುರ ಮಾಡಬೇಡ. ಹಳೆಯ ಇಮಾಮರು ಕೆಲವು ಸಲ ಬಹಳ ಗಟ್ಟಿ ನಿಷೇಧಕ್ಕೂ ಅದೇ ಪದ ಬಳಸಿದ್ದಾರೆ.

ರಝಿಯಾ, ರಾತ್ರಿ 10:12
ಪದದ ವಿಷಯ ಸರಿ, ಅಷ್ಟು ನಾನು ಒಪ್ಪಬೇಕು. ಸಾಲಿನ ವಿಷಯದಲ್ಲೂ ಹೌದು, ಕಳಿಸಿದರು. ಯಾವಾಗ ಕಳಿಸಿದರು, ಎಲ್ಲಿಗೆ ಕಳಿಸಿದರು ಅನ್ನುವುದೇ ನನ್ನ ಮಾತು. ದೊಡ್ಡವಳಾದ ಮೇಲೆ, ಅದೇ ಮಸೀದಿಯ ಇನ್ನೊಂದು ಸಾಲಿಗೆ. ಕಲಿಯುವ ಜಾಗದಿಂದ ಹೊರಗೆ ಕಳಿಸಲಿಲ್ಲ.

ಗಣೇಶ, ರಾತ್ರಿ 10:15
ನಿಮ್ಮಲ್ಲಿ ಎಲ್ಲದಕ್ಕೂ ಇದೇ ರಗಳೆ. ಕಾಲ ಎಷ್ಟು ಮುಂದೆ ಹೋಗಿದೆ.

ಲೀಲಾವತಿ, ರಾತ್ರಿ 10:19
ಗಣೇಶ, ಹಾಗೆ ಹೇಳಬೇಡ. 1994ರಲ್ಲಿ ನನ್ನನ್ನು ಎಂಟನೇ ಕ್ಲಾಸಿಗೆ ಕಳಿಸಲು ನಮ್ಮ ಅಜ್ಜ ಒಪ್ಪಿರಲಿಲ್ಲ. ದೊಡ್ಡವಳಾಗಿದ್ದಾಳೆ, ಹುಡುಗರ ಮಧ್ಯೆ ಎಂತ ಕೂರುವುದು ಅಂತ. ಅಮ್ಮ ಮೂರು ದಿನ ಊಟ ಬಿಟ್ಟ ಮೇಲೆ ಒಪ್ಪಿದ್ದು. ಊರಿಡೀ ಹಾಗೆಯೇ ಇತ್ತು. ತಿರುವನಂತಪುರದಲ್ಲಿ 2022ರಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕೂರ್ತಾರೆ ಅಂತ ಬಸ್‌ಸ್ಟಾಪಿನ ಉದ್ದ ಬೆಂಚನ್ನೇ ಕತ್ತರಿಸಿ ಒಬ್ಬೊಬ್ಬರೇ ಕೂರುವ ಹಾಗೆ ಮಾಡಿದ್ದು ಮರೆತೆಯಾ?

ಬಶೀರ್ ಜುಬೈಲ್, ರಾತ್ರಿ 10:24
ಕೇರಳದ್ದೇ ಹೇಳುವುದಾದರೆ, ಅದೇ 2022ರಲ್ಲಿ ಪಠ್ಯಕ್ರಮದ ಚರ್ಚಾ ಟಿಪ್ಪಣಿಯಲ್ಲಿ ಒಟ್ಟಿಗೆ ಕೂರಿಸುವ ಮಾತು ಬಂದಾಗ ಅಲ್ಲಿನ ಉಲಮಾಗಳ ಸಂಘಟನೆ ಸಮಸ್ತದವರು, ಮುಸ್ಲಿಂ ಲೀಗಿನವರು ವಿರೋಧಿಸಿದರು, ಸರ್ಕಾರ ಆ ಮಾತು ಬದಲಿಸಿತು. ನಮ್ಮ ಮದ್ರಸ ನಡೆಯುವುದು ಸಮಸ್ತದ ಸಿಲೆಬಸ್ಸಲ್ಲಿ. ಅವರಿಗಿಂತ ನಮಗೆ ಹೆಚ್ಚು ಗೊತ್ತುಂಟಾ?

ರಝಿಯಾ, ರಾತ್ರಿ 10:33
ಬಶೀರ್, ಅದೇ ಮದ್ರಸವನ್ನು ನೆನಪು ಮಾಡಿಕೊ. ಒಂದೇ ಹಾಲ್. ಎಡಕ್ಕೆ ನೀವು, ಬಲಕ್ಕೆ ನಾವು, ಮಧ್ಯೆ ಉಸ್ತಾದರ ಮೇಜು. ಐದನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ನಿನಗೆ ತಜ್‌ವೀದ್ (ಕುರ್‌ಆನ್ ಓದುವ ಉಚ್ಚಾರಣೆಯ ನಿಯಮ) ಬಾರದಿದ್ದಾಗ ಉಸ್ತಾದರು ನನ್ನಿಂದ ಓದಿಸಿ ನಿನಗೆ ತೋರಿಸಿದ್ದು. ಅದು ಹರಾಮ್ ಆಗಿದ್ದರೆ ಆ ಉಸ್ತಾದರು, ಅಲ್ಲಾಹ್ ಅವರಿಗೆ ಮಗ್‌ಫಿರತ್ ಕೊಡಲಿ, ಸುಮ್ಮನಿರುತ್ತಿದ್ದರಾ? ಕೇರಳದಲ್ಲಿ ವಿರೋಧ ಬಂದದ್ದು ಒಟ್ಟಿಗೆ ಕೂರಿಸಲೇಬೇಕು ಅನ್ನುವ ಮಾತಿಗೆ. ಬೆಂಚು ಬೇರೆ ಇರಲಿ ಅಂದರೆ ನನಗೂ ಒಪ್ಪಿಗೆ. ನಮ್ಮ ಕಮಿಟಿಯಲ್ಲಿ ಮಾತಾಗುತ್ತಿರುವುದು ಬೆಂಚಿನದ್ದಲ್ಲ, ಗೋಡೆಯದ್ದು.

ಇಮ್ತಿಯಾಝ್, ರಾತ್ರಿ 10:51
ಕೋರ್ಟಿನಿಂದ ಈಗ ಮನೆಗೆ ಬಂದೆ, ಎಲ್ಲ ಓದಿದೆ. ಗೋಡೆ ಅಂದದ್ದಕ್ಕೆ ಒಂದು ಕೇಸ್ ನೆನಪಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಅಲ್ ಹಿಜ್ರಾ ಶಾಲೆ. ಹುಡುಗ ಹುಡುಗಿ ಇಬ್ಬರೂ ಓದುವ ಶಾಲೆ, ಆದರೆ ಒಂಬತ್ತು ವರ್ಷದಿಂದ ಪಾಠ, ಬಿಡುವು, ಪ್ರವಾಸ ಎಲ್ಲ ಬೇರೆ ಬೇರೆ. 2016ರಲ್ಲಿ ಹೈಕೋರ್ಟ್ ಶಾಲೆಯ ಪರ ತೀರ್ಪು ಕೊಟ್ಟಿತು. 2017ರ ಅಕ್ಟೋಬರಿನಲ್ಲಿ ಅಪೀಲು ನ್ಯಾಯಾಲಯ ಅದನ್ನು ತಿರುಗಿಸಿತು. ಹುಡುಗರಿಗೇ ಒಂದು ಶಾಲೆ, ಹುಡುಗಿಯರಿಗೇ ಒಂದು ಶಾಲೆ ಅಲ್ಲಿ ಕಾನೂನುಬದ್ಧ. ಮಿಶ್ರ ಶಾಲೆ ಅಂತ ಹೇಳಿ ಒಳಗೆ ಪೂರ್ತಿ ಬೇರ್ಪಡಿಸಿದರೆ ತಾರತಮ್ಯ ಅಂತ ತೀರ್ಪು. ಇಬ್ಬರಿಗೂ ಸಮವಾಗಿ ನಷ್ಟ ಅಂತ ಹೆಚ್ಚಿನ ನ್ಯಾಯಾಧೀಶರು ಹೇಳಿದರೆ, ನ್ಯಾಯಾಧೀಶೆ ಗ್ಲಾಸ್ಟರ್ ಹುಡುಗಿಯರಿಗೇ ಹೆಚ್ಚು ನಷ್ಟ ಅಂತ ಬೇರೆಯಾಗಿ ಬರೆದರು. ಅದು ಅಲ್ಲಿನ ಕಾನೂನು, ನಮಗೆ ಅನ್ವಯಿಸುವುದಿಲ್ಲ. ಆದರೆ ಯಾರಿಗೆ ಹೆಚ್ಚು ನಷ್ಟ ಅಂತ ಗ್ಲಾಸ್ಟರ್ ಎತ್ತಿದ ಪ್ರಶ್ನೆ ನಮ್ಮ ಊರಿಗೂ ಬೇಕು.

ಹನೀಫ್, ರಾತ್ರಿ 11:10
ಈಗ ನಾನು ಮನಸ್ಸಿನಲ್ಲಿದ್ದದ್ದು ಹೇಳ್ತೇನೆ. 2022ರಲ್ಲಿ ನನ್ನ ತಂಗಿಯ ಮಗಳು ಪಿಯುಸಿಯಲ್ಲಿದ್ದಳು. ಕಾಲೇಜಿನ ಹೆಸರು ಬೇಡ. ಫೆಬ್ರವರಿಯಲ್ಲಿ ಗೇಟಿನ ಹೊರಗೆ ನಿಂತಳು, ಶಿರವಸ್ತ್ರ ತೆಗೆಯಲಿಲ್ಲ, ಪರೀಕ್ಷೆ ಬರೆಯಲಿಲ್ಲ. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು, ಅವಳ ಪುಸ್ತಕ ಕಪಾಟಿಗೆ ಹೋಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಾಧೀಶರು ಎರಡು ತೀರ್ಪು ಕೊಟ್ಟರು. ಅವಳಿಗೆ ಅದರಿಂದ ಎಂತ ಸಿಕ್ಕಿತು? ಈಗ ಎರಡು ವರ್ಷದ ಮಗು ಉಂಟು ಅವಳಿಗೆ. ಫಿಸಿಕ್ಸಿನಲ್ಲಿ 90 ತೆಗೆಯುತ್ತಿದ್ದವಳು.
ನಮ್ಮದೇ ಗೋಡೆಯೊಳಗೆ ನಮ್ಮ ಹೆಣ್ಣುಮಕ್ಕಳು ನೆಮ್ಮದಿಯಿಂದ ಓದಲಿ ಅಂತ ನನ್ನ ಆಸೆ. ಹುಡುಗರಿಂದ ಬೇರೆ ಇಟ್ಟರೆ ಹತ್ತರ ನಂತರವೂ ಕಳಿಸುತ್ತೇವೆ ಅಂತ ಹೇಳುವ ತಂದೆಯಂದಿರು ನಮ್ಮ ಜಮಾಅತಿನಲ್ಲಿ ಇದ್ದಾರೆ. ನೀವು ಕೋರ್ಟು, ಇತಿಹಾಸ ಎಲ್ಲ ಹೇಳ್ತೀರಿ. ನಾನು ಅವರ ಮನೆ ಬಾಗಿಲಿಗೆ ಹೋಗುವವನು.

ರಝಿಯಾ, ರಾತ್ರಿ 11:38
ಹನೀಫ್, ಇದನ್ನು ನೀನು ಮೊದಲೇ ಹೇಳಬೇಕಿತ್ತು. ಆ ಹುಡುಗಿಯ ಮುಖ ನನಗೆ ಗೊತ್ತು. ಉಡುಪಿಯಲ್ಲಿ ಇದೆಲ್ಲ ಶುರುವಾದದ್ದು ಹೆಣ್ಣುಮಕ್ಕಳದ್ದೇ ಸರ್ಕಾರಿ ಕಾಲೇಜಿನಲ್ಲಿ. ಅಲ್ಲಿ ಹುಡುಗರೇ ಇರಲಿಲ್ಲ, ಆದರೂ ಶಿರವಸ್ತ್ರ ಹಾಕಿದವರಿಗೆ ಬಾಗಿಲು ಮುಚ್ಚಿತು.
ನೀನು ಹೇಳುವ ತಂದೆಯಂದಿರು ಇದ್ದಾರೆ, ನಿಜ. ಹೆಣ್ಣುಮಕ್ಕಳ ಶಾಲೆಗೆ ನಾನು ವಿರೋಧಿ ಅಲ್ಲ. 1906ರಲ್ಲಿ ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ ದಂಪತಿ ಶಾಲೆ ತೆರೆದದ್ದು ಪರ್ದಾದೊಳಗೇ. 1911ರಲ್ಲಿ ಕೊಲ್ಕತ್ತದಲ್ಲಿ ಬೇಗಂ ರೊಕೆಯಾ ಮಕ್ಕಳನ್ನು ಪರದೆ ಕಟ್ಟಿದ ಗಾಡಿಯಲ್ಲಿ ಶಾಲೆಗೆ ತರುತ್ತಿದ್ದರು. ಪರದೆ ಇದ್ದುದರಿಂದಲೇ ಎಷ್ಟೋ ಹುಡುಗಿಯರು ಅಕ್ಷರ ಕಲಿತರು. ಬಶೀರನ ಸೌದಿಯಲ್ಲಿ 1960ರಲ್ಲಿ ಸರ್ಕಾರ ಹುಡುಗಿಯರ ಶಾಲೆಗೆ ಕೈಹಾಕಿದಾಗ ಬುರೈದಾ ಊರಿನವರು ಅದಕ್ಕೂ ವಿರೋಧ ಮಾಡಿದರು. ಬೇರೆಯೇ ಇದ್ದರೂ ಬೇಡ ಅಂದರು.
ಅಫ್ಘಾನಿಸ್ತಾನದಲ್ಲೂ ಬೇರ್ಪಡಿಸುವ ಮಾತು ಬಹಳ ಬಂತು. 2021ರ ಸೆಪ್ಟೆಂಬರಿನಲ್ಲಿ ತಾಲಿಬಾನಿನವರು ಏಳನೇ ಕ್ಲಾಸಿನಿಂದ ಮೇಲೆ ಹುಡುಗರನ್ನು ಮಾತ್ರ ಕರೆದರು. 2022ರ ಮಾರ್ಚ್ 23ಕ್ಕೆ ಹುಡುಗಿಯರು ಯೂನಿಫಾರ್ಮ್ ಹಾಕಿ ಶಾಲೆಗೆ ಬಂದರು, ಅವತ್ತೇ ಹಿಂದೆ ಕಳಿಸಿದರು. ಹುಡುಗಿಯರಿಗೆ ವಿಶ್ವವಿದ್ಯಾಲಯವನ್ನೂ ಮುಚ್ಚಿದಾಗ ಇದು ಶರೀಅತಿಗೆ ವಿರುದ್ಧ ಅಂತ ಈಜಿಪ್ಟಿನ ಇಸ್ಲಾಮಿಕ್ ವಿದ್ಯಾಪೀಠವಾದ ಅಝ್‌ಹರ್‌ನ ಶೇಖ್ ಅಹ್ಮದ್ ತಯ್ಯಿಬರೇ ಹೇಳಬೇಕಾಯಿತು.
ಈಗ ನಮ್ಮ ಶಾಲೆಗೆ ಬಾ. ಗಣಿತಕ್ಕೆ ಒಬ್ಬರೇ ಮೇಷ್ಟ್ರು. ಲ್ಯಾಬ್ ಒಂದೇ. ಕಂಪ್ಯೂಟರ್ ಕೋಣೆ ಒಂದೇ. ಎರಡು ಸೆಕ್ಷನ್ ಮಾಡಿದ ದಿನ ಆ ಮೇಷ್ಟ್ರು ಯಾವ ಕಡೆ ಹೋಗ್ತಾರೆ? ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರ್ತದೆ? ನಾನು ವಿಜ್ಞಾನ ಟೀಚರಾಗಿ 19 ವರ್ಷ ಆಯಿತು. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಹುಡುಗರಿಗೆ ಲ್ಯಾಬ್, ಹುಡುಗಿಯರಿಗೆ ಬೋರ್ಡಿನ ಮೇಲೆ ಚಿತ್ರ. ಆಸಿಡ್ ಬಾಟ್ಲಿ ಮುಟ್ಟದೆ ರಸಾಯನಶಾಸ್ತ್ರ ಪಾಸಾದ ಹುಡುಗಿಯರನ್ನು ನಾನೇ ಮುಂದಿನ ಕ್ಲಾಸಿಗೆ ಕಳಿಸಿದ್ದೇನೆ. ಆ ಪಾಪ ನನ್ನ ಮೇಲೂ ಉಂಟು.

ಬಶೀರ್ ಜುಬೈಲ್, ರಾತ್ರಿ 11:47
ರಝಿಯಾ, ಇದು ನನಗೆ ಹೊಳೆದಿರಲಿಲ್ಲ. ಇಲ್ಲಿ ಎರಡು ಶಾಲೆ ಅಂದರೆ ಎರಡು ಕಟ್ಟಡ, ಎರಡು ಲ್ಯಾಬ್. ಸರ್ಕಾರದ ದುಡ್ಡು.

ಇಮ್ತಿಯಾಝ್, ರಾತ್ರಿ 11:49
ಅದೇ. ಗೋಡೆಗೆ ದುಡ್ಡು ಉಂಟು, ಮೇಷ್ಟ್ರಿಗೆ ಇಲ್ಲ ಅಂತಾದರೆ ಆ ಗೋಡೆ ಯಾರಿಗೆ ಅಡ್ಡ ಬರ್ತದೆ?

ಶನಿವಾರ

ಹನೀಫ್, ಬೆಳಿಗ್ಗೆ 7:20
ಸುಬ್‌ಹಿ ನಮಾಝ್ ಆದ ಮೇಲೆ ಉಸ್ತಾದರಲ್ಲಿ ಕೇಳಿದೆ. ಕಿತಾಬ್ ತೆಗೆದು ತೋರಿಸಿದರು. “ಫಿಲ್ ಮಳಾಜಿಅ್” ಉಂಟು. ಪೋಸ್ಟರ್ ತಪ್ಪು ಅಂತ ಕಮಿಟಿಯ ಗುಂಪಿಗೆ ಹಾಕಿದ್ದೇನೆ. ಆದರೆ ಎಂಟನೇ ಕ್ಲಾಸಿನಿಂದ ಬೇರೆ ಬೇಕು ಅನ್ನುವ ನನ್ನ ಅಭಿಪ್ರಾಯ ಬದಲಾಗಿಲ್ಲ. ಉಸ್ತಾದರದ್ದೂ ಅದೇ. ಮೂರನೇ ಕ್ಲಾಸಿಗೆ ಅವಸರ ಬೇಡ ಅಂದರು.

ರಝಿಯಾ, ಬೆಳಿಗ್ಗೆ 7:34
ಎಂಟರಿಂದ ಬೇಕಾದರೆ ಅದನ್ನು ಕೂತು ಮಾತಾಡುವ. ಮೊದಲು ಹುಡುಗಿಯರ ಕಡೆಗೆ ಗಣಿತದ ಟೀಚರ್, ಲ್ಯಾಬಿಗೆ ವಾರದಲ್ಲಿ ಅವರದ್ದೇ ಮೂರು ಪೀರಿಯಡ್, ಇದು ಬರಹದಲ್ಲಿ ಆಗಲಿ. ಬುಖಾರಿಯಲ್ಲಿ ಹೆಂಗಸರು ಕೇಳಿದ್ದೂ ಅದನ್ನೇ, ನಮ್ಮ ಪಾಲಿನ ದಿನ ನಮಗೆ ಕೊಡಿ ಅಂತ. ಮೀಟಿಂಗಿಗೆ ನಾನು ಬರಬಹುದಾ?

ಹನೀಫ್, ಬೆಳಿಗ್ಗೆ 7:52
ಇಷ್ಟರವರೆಗೆ ಹೆಂಗಸರು ಬಂದ ಕ್ರಮ ಇಲ್ಲ. ಅಧ್ಯಕ್ಷರಲ್ಲಿ ಕೇಳ್ತೇನೆ. ಒಪ್ಪದಿದ್ದರೆ ನೀನು ಬರೆದುಕೊಡು, ಒಂದಕ್ಷರ ಬಿಡದೆ ನಾನೇ ಓದ್ತೇನೆ.

ಲೀಲಾವತಿ, ಬೆಳಿಗ್ಗೆ 7:58
ರಝಿಯಾ, ಲ್ಯಾಬಿಗೆ ಬೇಕಾದ ಸಾಮಾನಿನ ಪಟ್ಟಿಯನ್ನೂ ಜೊತೆಗೆ ಇಡು. ನಮ್ಮ ಶಾಲೆಗೆ ಹೋದ ತಿಂಗಳು ತಂದದ್ದರ ಬಿಲ್ ಉಂಟು, ಕಳಿಸ್ತೇನೆ.

ಹನೀಫ್, ಬೆಳಿಗ್ಗೆ 8:03
ಇವತ್ತು ಸಂಜೆಯ ಅಸರ್ ನಮಾಝಿನೊಳಗೆ ಕಳಿಸು. ಪ್ರಿಂಟ್ ತೆಗೆಸಬೇಕು.