ಮಗನಿಗೆ ಯಾವ ಪಾಸ್‌ಪೋರ್ಟ್? ಯುದ್ಧದ ಷರತ್ತನ್ನೂ ಓದಿ

ಯುದ್ಧ ಗಿದ್ಧ ಅಂತ ಶುರುವಾದರೆ ಮಕ್ಕಳ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದ್ದರೆ ಒಳ್ಳೇದು ಅಂತ ಮೆಲ್ಬರ್ನ್‌ನ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು. ಉತ್ತರ ಕೊಟ್ಟವರಲ್ಲಿ ಜಾಸ್ತಿ ಜನ ವೀಸಾ ಇಲ್ಲದೆ ಎಷ್ಟು ದೇಶ ಸುತ್ತಬಹುದು ಅನ್ನೋ ಪಟ್ಟಿ ಹಾಕಿದರು. ಅದು ಶಾಂತಿ ಕಾಲದ ಪಟ್ಟಿ. ಯುದ್ಧ ಬಂದಾಗ ಕೇಳಬೇಕಾದ್ದು ಒಂದೇ: ಆ ಪಾಸ್‌ಪೋರ್ಟ್ ಕೊಟ್ಟ ದೇಶ ನಿಮ್ಮ ಮಗನನ್ನು ಹೊರಗೆ ಬಿಡುತ್ತಾ?

ಸಿಂಗಪುರದಲ್ಲಿ ಶಾಲೆಗೆ ಜೂನ್ ರಜೆ, ನಾವು ವಿರಾಜಪೇಟೆ ಹತ್ತಿರದ ಮನೆಗೆ ಬಂದಿದ್ದೇವೆ. ಮಳೆ ಬಿಡ್ತಾ ಇಲ್ಲ, ಕರೆಂಟೂ ಇಲ್ಲ. ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಪಾಸ್‌ಪೋರ್ಟ್ ಮೊದಲೂ ಇತ್ತು. ಆದರೆ ಅದಿಲ್ಲದೆ ಗಡಿ ದಾಟೋ ಹಾಗಿಲ್ಲ ಅನ್ನೋದು ಹೆಚ್ಚಿನ ಕಡೆ ಮೊದಲ ಮಹಾಯುದ್ಧದಲ್ಲಿ ಬಂದ ಕಟ್ಟುಪಾಡು. ಬ್ರಿಟಿಷರು ಇಲ್ಲಿ 1917ರಲ್ಲಿ ಭಾರತ ರಕ್ಷಣಾ ಕಾನೂನಿನಡಿ ಪಾಸ್‌ಪೋರ್ಟ್ ನಿಯಮ ಮಾಡಿದರು. ಯುದ್ಧ ಮುಗೀತು, ನಿಯಮ ಹೋಗಲಿಲ್ಲ. 1920ರಲ್ಲಿ ಅದಕ್ಕೆ ಅಂತಲೇ ಒಂದು ಕಾಯ್ದೆ ಬಂತು. ಎರಡನೇ ಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ವಿದೇಶಿಯರ ನೋಂದಣಿ ಕಾಯ್ದೆ ಬಂತು. ಎರಡೂ ರದ್ದಾಗಿದ್ದು 2025ರಲ್ಲಿ, ಅದೂ ಅವುಗಳ ಜಾಗಕ್ಕೆ ಹೊಸ ವಲಸೆ ಕಾಯ್ದೆ ಬಂದಿದ್ದರಿಂದ. ಹಳೇ ಹೆಸರು ಹೋಯ್ತು, ಕೆಲಸ ಹಾಗೇ ಇದೆ. ನಮ್ಮ ಭಾವನ ಹೋಂಸ್ಟೇಗೆ ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಫಾರ್ಮ್ III (ಹಿಂದೆ ಇದನ್ನೇ ಫಾರ್ಮ್ ಸಿ ಅಂತಿದ್ದರು) ತುಂಬಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಹೋಗ್ತಾರೆ, ಎಲ್ಲ. ನೆಟ್‌ವರ್ಕ್ ಸಿಗದ ದಿನ ಭಾವ ಕೊಡೆ ಹಿಡಿದು, ಫೋನ್ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ತಾರೆ. ಅತಿಥಿಗಳು ಒಳಗೆ ಕಾಫಿ ಕುಡೀತಾ ಇರ್ತಾರೆ.

ಉಕ್ರೇನ್‌ನಲ್ಲಿ ಏನಾಯ್ತು ಅಂತ ನೆನಪಿದೆ ಅಲ್ವಾ? 2022ರ ಫೆಬ್ರವರಿಯಲ್ಲಿ ನಮ್ಮ ಹುಡುಗ ಹುಡುಗಿಯರು ಎಷ್ಟೋ ಕಷ್ಟಪಟ್ಟು ಪೋಲೆಂಡ್, ರೊಮೇನಿಯಾ, ಹಂಗೇರಿ ಗಡಿ ಮುಟ್ಟಿದರು. ಹಾವೇರಿ ಜಿಲ್ಲೆಯ ಹುಡುಗನೊಬ್ಬ ಖಾರ್ಕಿವ್‌ನಲ್ಲೇ ಜೀವ ಕಳಕೊಂಡ. ಗಡಿ ಮುಟ್ಟಿದ ಭಾರತದ ಹುಡುಗರಿಗೆ ದಾಟೋಕೆ ಬಿಟ್ಟರು. ಅದೇ ಗಡಿಯಲ್ಲಿ 18ರಿಂದ 60 ವರ್ಷದ ಉಕ್ರೇನಿ ಗಂಡಸರನ್ನು ತಡೆದು ನಿಲ್ಲಿಸಿದರು. ಮೂರು ಅಥವಾ ಜಾಸ್ತಿ ಚಿಕ್ಕ ಮಕ್ಕಳಿರುವ ಅಪ್ಪಂದಿರು, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. 2024ರಲ್ಲಿ ಇನ್ನೂ ಬಿಗಿ ಮಾಡಿದರು. ಆಗಲೇ ಹೊರದೇಶದಲ್ಲಿದ್ದ ಗಂಡಸರಿಗೂ ಸೇನೆಯ ದಾಖಲೆ ಸರಿಯಿಲ್ಲದಿದ್ದರೆ ರಾಯಭಾರ ಕಚೇರಿಯಲ್ಲಿ ಹೊಸ ಪಾಸ್‌ಪೋರ್ಟ್ ಇಲ್ಲ. ನನಗೆ ಗಡಿಗಿಂತ ಇದೇ ಜಾಸ್ತಿ ದಿಗಿಲು ಹುಟ್ಟಿಸಿದ್ದು. ನೀವು ಎಲ್ಲೇ ಇರಿ, ಪುಸ್ತಕದ ಅವಧಿ ಮುಗಿದ ದಿನ ಸಿಕ್ಕಿಹಾಕಿಕೊಂಡ ಹಾಗೇ. 2025ರ ಆಗಸ್ಟ್‌ನಲ್ಲಿ 18ರಿಂದ 22ರವರಿಗೆ ದೇಶ ಬಿಡೋಕೆ ಸಡಿಲ ಮಾಡಿದರು.

ಭಾರತದಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ. ಆದರೆ ಯುದ್ಧದ ಮಾತು ನಮ್ಮ ಕಾನೂನಲ್ಲೂ ಇದೆ, ಯಾರೂ ಓದೋದಿಲ್ಲ ಅಷ್ಟೇ. 1967ರ ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 19 ತೆಗೆದು ನೋಡಿ. ಯಾವುದೋ ದೇಶದಲ್ಲಿ ಯುದ್ಧ ನಡೀತಿದೆ ಅಂತ ಕೇಂದ್ರ ಅಧಿಸೂಚನೆ ಹೊರಡಿಸಿದರೆ, ಅಲ್ಲಿಗೆ ಹೋಗೋಕೆ ನಿಮ್ಮ ಪಾಸ್‌ಪೋರ್ಟ್ ನಡೆಯೋದಿಲ್ಲ. ವಿಶೇಷ ಅನುಮತಿ ಬೇಕು. 2017ರಲ್ಲಿ ಯೆಮೆನ್‌ಗೆ ಹೋಗೋದನ್ನು ನಿರ್ಬಂಧಿಸಿದ್ದು ನಿಮಗೆ ಗೊತ್ತಿರಬಹುದು.

ಪೌರತ್ವ ಕಾಯ್ದೆಯಲ್ಲಿ ಇನ್ನೊಂದು ಗಂಟು. ಬೇರೆ ದೇಶದ ಪೌರತ್ವ ತಗೊಂಡ ತಕ್ಷಣ ಭಾರತದ್ದು ತಾನಾಗೇ ಹೋಗುತ್ತೆ ಅಂತ ನಾವೆಲ್ಲ ಅಂದ್ಕೊಂಡಿದ್ದೇವೆ. ಭಾರತ ಯುದ್ಧದಲ್ಲಿ ತೊಡಗಿರುವಾಗ ತಗೊಂಡರೆ, ಸರ್ಕಾರ ಬೇರೆ ಆದೇಶ ಕೊಡೋವರೆಗೂ ಅದು ಹೋಗೋದಿಲ್ಲ. ನಾನಾಗೇ ಬಿಡ್ತೀನಿ ಅಂತ ಬರೆದುಕೊಟ್ಟರೂ ಆ ಹೊತ್ತಲ್ಲಿ ನೋಂದಣಿ ತಡೆಹಿಡೀತಾರೆ. ಅಂದ್ರೆ ಗುಂಡು ಹಾರೋಕೆ ಶುರುವಾದ ಮೇಲೆ ಪೌರತ್ವ ಬದಲಾಯಿಸಿ ಕೈ ತೊಳ್ಕೊಳ್ತೀನಿ ಅನ್ನೋ ಲೆಕ್ಕಾಚಾರ ನಡೆಯಲ್ಲ. ಬದಲಾಯಿಸೋದಿದ್ದರೆ ತಣ್ಣಗಿರೋ ಕಾಲದಲ್ಲೇ ಯೋಚನೆ ಮಾಡಿ.

ಇನ್ನು ನಮ್ಮ ಮನೆ ವಿಷಯ. ಸಿಂಗಪುರದಲ್ಲಿ ಅಪ್ಪ ಅಮ್ಮನ ಜೊತೆ ಪಿಆರ್ (ಕಾಯಂ ಆಗಿ ಇರೋ ಅನುಮತಿ) ಪಡೆದ ಗಂಡುಮಕ್ಕಳು ಹದಿನಾರೂವರೆ ವರ್ಷಕ್ಕೆ ಕಡ್ಡಾಯ ಸೇನಾ ಸೇವೆಗೆ ಹೆಸರು ಬರೆಸಬೇಕು. 18 ಆದ ಮೇಲೆ ಎರಡು ವರ್ಷ ಪೂರ್ತಿ ಸೇವೆ. 13 ತುಂಬಿದ ಹುಡುಗ ಮೂರು ತಿಂಗಳು ಅಥವಾ ಜಾಸ್ತಿ ಹೊರಗಿರಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ಇಡೀ ಮಳೆಗಾಲ ಅಜ್ಜನ ಮನೇಲಿ ಇರ್ತೀನಿ ಅಂದರೂ ಬೇಕು! ಅಮೆರಿಕದಲ್ಲಿರೋರೂ ಗಮನಿಸಿ. ಗ್ರೀನ್ ಕಾರ್ಡ್ ಇರುವ 18ರಿಂದ 25ರ ಗಂಡುಮಕ್ಕಳ ಹೆಸರು ಸೆಲೆಕ್ಟಿವ್ ಸರ್ವೀಸ್‌ನಲ್ಲಿ, ಅಂದರೆ ಬೇಕಾದಾಗ ಸೇನೆಗೆ ಕರೆಯೋಕೆ ಇಟ್ಟಿರೋ ಪಟ್ಟಿಯಲ್ಲಿ, ಇರಬೇಕು. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಮೇಲೆ ಸಿಗೋ ಎಚ್4 ವೀಸಾದಲ್ಲಿ ಇರೋವರೆಗೆ ಬೇಕಿಲ್ಲ.

ಕೊಡಗಿನಲ್ಲಿ ಮಿಲಿಟರಿ ಅಂದರೆ ಯಾರೂ ಹೆದರಲ್ಲ. ನಮ್ಮ ಮಾವ ಸುಬೇದಾರ್ ಆಗಿ ನಿವೃತ್ತರಾದವರು. ಮಗನಿಗೆ ಸಿಂಗಪುರದ ಪಿಆರ್‌ಗೆ ಅರ್ಜಿ ಹಾಕೋ ವಿಷಯ ಹೇಳಿದಾಗ ಕೋವಿ ಒರೆಸ್ತಾ ಕೂತಿದ್ದರು, ತಲೆ ಎತ್ತಲಿಲ್ಲ. "ಮಿಲಿಟರಿಗೆ ಹೋಗ್ಬೇಡ ಅಂತ ಈ ಮನೇಲಿ ಯಾರೂ ಹೇಳಿಲ್ಲಮ್ಮ. ಯಾವ ದೇಶಕ್ಕೆ ಅಂತ ಅವನು ಹೇಳ್ಲಿ. ನೀವು ಫಾರ್ಮ್ ತುಂಬಿ ಹೇಳ್ಬೇಡಿ" ಅಂದರು. ಅಲ್ಲಿಗೆ ಮಗನ ಪಿಆರ್ ಅರ್ಜಿ ನಿಂತಿತು.

ನೀಲಿ ಪಾಸ್‌ಪೋರ್ಟಿಗೆ ಬೆಲೆ ಇಲ್ಲ ಅಂತ ಗೊಣಗೋರು ಒಮ್ಮೆ ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿ ಬೈಲಕುಪ್ಪೆಗೆ ಹೋಗಿ ಬನ್ನಿ. ಅಲ್ಲೇ ಹುಟ್ಟಿ ಬೆಳೆದ, ನಮಗಿಂತ ಚೆನ್ನಾಗಿ ಕನ್ನಡ ಮಾತಾಡೋ ಟಿಬೆಟಿಯನ್ ಗೆಳೆಯನ ಹತ್ತಿರ ಇರೋದು ಹಳದಿ ಗುರುತಿನ ಪುಸ್ತಕ. ಹೊರಗೆ ಹೋಗೋದಿರಲಿ, ವಾಪಸ್ ಬರೋಕೂ ಮೊದಲೇ ಅನುಮತಿ ಮಾಡಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರಿಗೆ ಭಾರತದ ಪಾಸ್‌ಪೋರ್ಟ್ ಕೊಡಿ ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಈ ಗೆಳೆಯ ಹುಟ್ಟಿದ್ದು 1987ರ ಆ ತಾರೀಕಾದ ಮೇಲೆ.

ತೋಟ ಇರೋರಿಗೆ ಒಂದು ಮಾತು: ಬೇರೆ ದೇಶದ ಪೌರತ್ವ ತಗೊಂಡು ಒಸಿಐ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋ ಕಾರ್ಡ್) ಆದ ಮಕ್ಕಳು ಕಾಫಿ ತೋಟ ಕೊಂಡುಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದರೆ ತೊಂದರೆ ಇಲ್ಲ.

ಜರ್ಮನಿಯಲ್ಲಿರೋರು ಯಾರಾದ್ರೂ ಅಲ್ಲಿನ ಹೊಸ ಸೇನಾ ಕಾನೂನಿನ ಬಗ್ಗೆ ಬರೀರಿ. 2008ರಿಂದ ಈಚೆ ಹುಟ್ಟಿದ ಜರ್ಮನ್ ಪೌರರಾದ ಹುಡುಗರು ಪ್ರಶ್ನಾವಳಿ ತುಂಬಲೇಬೇಕು ಅಂತ 2026ರಿಂದ ಜಾರಿಯಾಗಿದೆ. ನನ್ನ ತಮ್ಮನ ಮಗನಿಗೆ ಅಲ್ಲಿನ ಪೌರತ್ವ ಸಿಕ್ಕಿ ಸ್ವಲ್ಪ ದಿನ ಆಯ್ತು. ಆ ಕಾಗದ ಮನೆಗೆ ಬಂದವರು ಏನು ಮಾಡಿದಿರಿ?