ಸಹಾಯ ಬೇಕು: ಪ್ರೋಟೀನ್ ಅನುಕ್ರಮ ಮತ್ತು ರಚನೆಯನ್ನು ಒಟ್ಟಿಗೆ ನೋಡುವ ತಂತ್ರಾಂಶ

ಸದಸ್ಯರೆಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನಾನು, ಮೆಣಸಿನಕಾಯಿಯ ಹಲವು ತಳಿಗಳ ಇಐಎಫ್4ಇ ಎಂಬ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆಯನ್ನು ಆರಂಭಿಸಲು ನೆರವಾಗುವ) ಪ್ರೋಟೀನಿನ ಅನುಕ್ರಮಗಳನ್ನು, ಅಂದರೆ ಅಮೈನೊ ಆಮ್ಲಗಳ ಸಾಲುಗಳನ್ನು, ಜಾಲ್‌ವ್ಯೂ ತಂತ್ರಾಂಶದಲ್ಲಿ ಒಂದಕ್ಕೊಂದು ಜೋಡಿಸಿ, ಅವುಗಳಲ್ಲಿನ ಅಮೈನೊ ಆಮ್ಲದ ವ್ಯತ್ಯಾಸಗಳು ಮೂರು ಆಯಾಮದ ರಚನೆಯಲ್ಲಿ ಎಲ್ಲಿ ಬರುತ್ತವೆ ಎಂಬುದನ್ನು ರಚನೆಗಳನ್ನು ತೋರಿಸುವ ಕೈಮೆರಾಎಕ್ಸ್ ತಂತ್ರಾಂಶದಲ್ಲಿ ತೋರಿಸಬೇಕೆಂದಿದ್ದೇನೆ. ಮೆಣಸಿನಕಾಯಿ ಗಿಡಕ್ಕೆ ಪೋಟಿವೈರಸ್‌ಗಳೆಂಬ ಸಸ್ಯರೋಗದ ವೈರಸ್‌ಗಳ ವಿರುದ್ಧ ನಿರೋಧಕ ಶಕ್ತಿ ಕೊಡುವ ಪಿವಿಆರ್2 ವಂಶವಾಹಿಯು ರೂಪಿಸುವುದು ಇದೇ ಪ್ರೋಟೀನನ್ನು. ಬ್ಯಾಡಗಿಯ ನೆರೆಯವರಾದ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ತೊಡಕಿರುವುದು ಸಂಖ್ಯಾಕ್ರಮದಲ್ಲಿ. ಬಟಾಣಿಯ ಇಐಎಫ್4ಇ ಸ್ಫಟಿಕ ರಚನೆಯನ್ನು ಆಧಾರವಾಗಿಟ್ಟುಕೊಂಡರೆ, ಅದರ ಆರಂಭದ ಭಾಗ ರಚನೆಯಲ್ಲಿ ಕಾಣಿಸದ ಕಾರಣ ಸ್ಥಾನಗಳು ನಮ್ಮ ಅನುಕ್ರಮಕ್ಕೆ ಹೊಂದುವುದಿಲ್ಲ. ಅನುಕ್ರಮದಿಂದಲೇ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್‌ನ ಮಾದರಿಯಲ್ಲಿ ಪೂರ್ಣ ಸರಪಳಿ ದೊರೆತರೂ ವಿಶ್ವಾಸಾಂಕ ನೂರಕ್ಕೆ 50ಕ್ಕಿಂತ ಕೆಳಗಿರುವ ಭಾಗವನ್ನು ನಂಬಿ ಪಾಠ ಮಾಡುವುದು ನನಗೆ ಸರಿ ಎನಿಸುವುದಿಲ್ಲ. ಬಟಾಣಿಯ ಅನುಕ್ರಮವನ್ನೂ ಜೋಡಣೆಯೊಳಗೆ ಸೇರಿಸಿ, ಅದರ ಮೂಲಕವೇ ವ್ಯತ್ಯಾಸಗಳನ್ನು ಗುರುತಿಸುವ ಬಣ್ಣಗಳನ್ನು ರಚನೆಗೆ ಸಾಗಿಸುವುದು ಸರಿಯಾದ ಕ್ರಮವೇ, ಅಥವಾ ಯೂನಿಪ್ರಾಟ್ (ಪ್ರೋಟೀನ್ ಅನುಕ್ರಮಗಳ ಭಂಡಾರ) ಮತ್ತು ಪಿಡಿಬಿ (ಪ್ರೋಟೀನ್ ರಚನೆಗಳ ಭಂಡಾರ) ಸ್ಥಾನಗಳನ್ನು ಹೊಂದಿಸುವ ಸಿಫ್ಟ್ಸ್ ದತ್ತಾಂಶವನ್ನು ಬಳಸಬೇಕೇ ಎಂದು ಬಲ್ಲವರು ತಿಳಿಸಬೇಕು.

ನಮ್ಮ ಪ್ರಯೋಗಾಲಯದ ಗಣಕಯಂತ್ರಗಳು ಹಳೆಯವಾದ್ದರಿಂದ, ಬ್ರೌಸರಿನಲ್ಲೇ ನಡೆಯುವ, ರಚನೆ ನೋಡುವ ಮೋಲ್‌ಸ್ಟಾರ್ ತಂತ್ರಾಂಶದಲ್ಲಿ ಇಷ್ಟು ಕೆಲಸ ಸಾಧ್ಯವಿದ್ದರೆ ಅದನ್ನೂ ದಯವಿಟ್ಟು ತಿಳಿಸಿರಿ. ಹುಬ್ಬಳ್ಳಿ-ಧಾರವಾಡದಲ್ಲಿರುವ ಅನುಭವಿಗಳು ಒಂದು ಮಧ್ಯಾಹ್ನ ಬಂದು ವಿದ್ಯಾರ್ಥಿಗಳೆದುರಿಗೇ ಮಾಡಿ ತೋರಿಸುವುದಾದರೆ ಇನ್ನೂ ಉಪಕಾರವಾದೀತು.